ಎಲ್ಲಿ ಮಣ್ಣಾದರೋ ತಿಳಿಯದು
ಸ್ಕಾಟ್ಲೆಂಡಿನಲ್ಲಿ ಹಿರಿಯರ ಸಾವು, ಸಮಾಧಿಯ ಜಾಡು ಹಿಡಿಯುವ ಬಗೆ

ಹಿರಿಯರೊಬ್ಬರ ಹುಟ್ಟಿದ ದಿನ ಗೊತ್ತಿದೆ, ಮದುವೆಯ ದಿನ ಗೊತ್ತಿದೆ, ಮಕ್ಕಳ ಹೆಸರುಗಳೂ ಗೊತ್ತಿವೆ. ಯಾವಾಗ ತೀರಿಕೊಂಡರು, ಎಲ್ಲಿ ಮಣ್ಣಾದರು ಎಂಬುದು ಮಾತ್ರ ತಿಳಿಯದು. ವಂಶದ ಬೇರು ಹುಡುಕುವವರಿಗೆ ಮತ್ತೆ ಮತ್ತೆ ಎದುರಾಗುವ ತೊಡಕು ಇದು. ಮಗು ಹುಟ್ಟಿದಾಗ ಹೆಸರು ಬರೆಸಲು ತಂದೆತಾಯಿ ಇರುತ್ತಾರೆ. ಮದುವೆಯಾದಾಗ ಎರಡು ಮನೆಯವರು ಸಾಕ್ಷಿ ನಿಲ್ಲುತ್ತಾರೆ. ಸತ್ತಾಗ ಬರೆಸುವವರು ಯಾರು? ಅದು ಉಳಿದವರ ಪ್ರೀತಿ, ಅವರ ಕೈಯಲ್ಲಿದ್ದ ಕಾಸು, ಆ ಕಾಲದ ಕಾನೂನು ಮತ್ತು ಆ ನಾಡಿನ ವಿಶ್ವಾಸ, ಈ ನಾಲ್ಕನ್ನು ಹೊಂದಿಕೊಂಡಿರುತ್ತದೆ.

ಈ ಮಾತು ಸ್ಕಾಟ್ಲೆಂಡಿನಲ್ಲಿ ಎದ್ದು ಕಾಣುವಷ್ಟು ಬೇರೆ ನಾಡಿನಲ್ಲಿ ಕಾಣುವುದು ಅಪರೂಪ. ಒಂದು ಕಾಲಘಟ್ಟದ ಅನಂತರ ಅಲ್ಲಿನ ದಾಖಲೆಗಳು ಬಹಳ ಅಚ್ಚುಕಟ್ಟು; ಅದಕ್ಕೆ ಹಿಂದೆ ಹೋದರೆ ಸಾವಿನ ಪುಟಗಳು ಬಹುಪಾಲು ಖಾಲಿ. ಆ ಖಾಲಿ ಪುಟವನ್ನು ಓದಲು ಕಲಿತವನಿಗೆ ಮಾತ್ರ ಹುಡುಕಾಟ ಸುಗಮವಾಗುತ್ತದೆ. ಬೆಂಗಳೂರು ದಂಡಿನ ಪ್ರದೇಶದಂತಹ ಕಡೆ ನೆಲೆಸಿದ ಆಂಗ್ಲೋ-ಇಂಡಿಯನ್ ಮನೆತನಗಳಲ್ಲಿ ಸ್ಕಾಟಿಷ್ ಮೂಲದ ಮುತ್ತಜ್ಜನ ನೆನಪು ಉಳಿಸಿಕೊಂಡವರಿಗೂ ಈ ಪಾಠ ಉಪಯೋಗಕ್ಕೆ ಬಂದೀತು.

ಬರೆಯದೆ ಬಿಟ್ಟದ್ದೇಕೆ?

ಸ್ಕಾಟ್ಲೆಂಡಿನ ಕಥೋಲಿಕ ಗುರುವರ್ಗದ ಮಹಾಸಭೆ 1552ರಲ್ಲಿ, ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ ಮತ್ತು ವಿವಾಹ ಪ್ರಕಟಣೆಗಳ ಪುಸ್ತಕ ಇಡಬೇಕೆಂದು ಆಜ್ಞೆ ಮಾಡಿತು. ಇಂದು ಉಳಿದಿರುವ ಅತಿ ಹಳೆಯ ದಾಖಲೆ ಪುಸ್ತಕ ಪರ್ತ್‌ಷೈರಿನ ಎರೋಲ್ ಎಂಬ ಊರಿನದು. ಅದು 1553ರಲ್ಲಿ ಆರಂಭವಾಗುತ್ತದೆ. ಏಳು ವರ್ಷಗಳಲ್ಲಿ ನಾಡಿನ ಧರ್ಮವೇ ಬದಲಾಯಿತು. 1560ರಲ್ಲಿ ಅಲ್ಲಿನ ಸಂಸತ್ತು ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕಿತು, ಬಲಿಪೂಜೆಯನ್ನು ನಿಷೇಧಿಸಿತು. ಪ್ರೊಟೆಸ್ಟಂಟ್ ಸುಧಾರಣೆ ಗೆದ್ದಿತು.

ಸುಧಾರಕರು ಜ್ಞಾನಸ್ನಾನವನ್ನು ಉಳಿಸಿಕೊಂಡರು, ವಿವಾಹದ ಕ್ರಮವನ್ನೂ ಉಳಿಸಿಕೊಂಡರು. ಮೃತರಿಗಾಗಿ ಪ್ರಾರ್ಥಿಸುವುದನ್ನು ಮಾತ್ರ ಒಪ್ಪಲಿಲ್ಲ. ಸಮಾಧಿಯ ಬಳಿ ಹಾಡು, ವಾಚನ ಇದ್ದರೆ ಜನರು ಮತ್ತೆ ಹಳೆಯ ನಂಬಿಕೆಗೆ ಜಾರಿಯಾರು ಎಂಬ ಭಯ ಅವರಿಗಿತ್ತು. ಆದ್ದರಿಂದ ಹೊಸ ಸಭೆಯ ಮೊದಲ ಶಿಸ್ತಿನ ಗ್ರಂಥವೇ ಯಾವ ಪ್ರಾರ್ಥನಾವಿಧಿಯೂ ಇಲ್ಲದೆ ಗೌರವದಿಂದ ಹೂಳುವುದು ಮೇಲು ಎಂದಿತು. ವಿಧಿ ಇಲ್ಲದ ಮೇಲೆ ಬೋಧಕರು ಅಲ್ಲಿರಬೇಕಾದ ಅಗತ್ಯವೂ ಇಲ್ಲ. ಬೋಧಕರು ಇಲ್ಲದ ಮೇಲೆ ಬರೆಯುವವರೂ ಇಲ್ಲ. ಹೀಗೆ ಅನೇಕ ಪ್ಯಾರಿಷ್‌ಗಳಲ್ಲಿ ಜ್ಞಾನಸ್ನಾನದ ಪುಸ್ತಕ ದಪ್ಪವಾಗಿದೆ, ಮದುವೆಯ ಪುಸ್ತಕವೂ ಇದೆ, ಸಾವಿನ ಪುಸ್ತಕ ಮಾತ್ರ ಇಲ್ಲವೇ ಇಲ್ಲ.

ಇಲ್ಲಿ ಸುಧಾರಕರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರೂ ತಮ್ಮ ಮೃತರನ್ನು ಪ್ರೀತಿಸಿದವರೇ. ನಾವು ಗಮನಿಸಬೇಕಾದ್ದು ಇಷ್ಟು: ಒಂದು ಸಮಾಜ ಏನನ್ನು ನಂಬುತ್ತದೆಯೋ ಅದನ್ನು ಬರೆದಿಡುತ್ತದೆ. ನಂಬಿಕೆ ಬದಲಾದಾಗ ಕಡತವೂ ಬದಲಾಗುತ್ತದೆ.

ಬಡವರ ಹೆಸರು ಯಾವ ಪುಸ್ತಕದಲ್ಲಿ?

ಸಾವಿನ ಪುಸ್ತಕ ಇಲ್ಲದ ಕಡೆ ಹಣದ ಪುಸ್ತಕ ಇರಬಹುದು. ಇದು ಸ್ಕಾಟ್ಲೆಂಡಿನ ಹುಡುಕಾಟದಲ್ಲಿ ಮರೆಯಬಾರದ ಸೂತ್ರ.

ಅಲ್ಲಿ ಪ್ರತಿ ಪ್ಯಾರಿಷ್‌ನಲ್ಲೂ ಸಭೆಯ ಹಿರಿಯರ ಮಂಡಳಿಯೊಂದು ಇತ್ತು. ಅದಕ್ಕೆ ಕರ್ಕ್ ಸೆಷನ್ ಎಂದು ಹೆಸರು. ಶವಪೆಟ್ಟಿಗೆಯ ಮೇಲೆ ಹೊದಿಸುವ ಕಪ್ಪು ಬಟ್ಟೆ ಈ ಮಂಡಳಿಯ ವಶದಲ್ಲಿರುತ್ತಿತ್ತು. ಮಾರ್ಟ್‌ಕ್ಲಾತ್ ಎಂದು ಕರೆಯುವ ಈ ಬಟ್ಟೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಬಂದ ಹಣ ಬಡವರ ನಿಧಿಗೆ ಸೇರುತ್ತಿತ್ತು. ಮಖಮಲ್ಲಿನ ಒಳ್ಳೆಯ ಬಟ್ಟೆಗೆ ಹೆಚ್ಚು ಬಾಡಿಗೆ, ಹಳೆಯದಕ್ಕೆ ಕಡಿಮೆ, ಮಕ್ಕಳಿಗೆ ಸಣ್ಣದು. ಖಜಾಂಚಿ ಲೆಕ್ಕ ಬರೆಯುವಾಗ ದಿನಾಂಕ, ಹೆಸರು, ಕೊಟ್ಟ ಹಣ ನಮೂದಿಸುತ್ತಿದ್ದ. ಎಷ್ಟೋ ಮಂದಿಯ ಸಾವಿಗೆ ಇಂದು ಉಳಿದಿರುವ ಏಕೈಕ ಸಾಕ್ಷಿ ಈ ಬಟ್ಟೆಯ ಬಾಡಿಗೆ. ಈ ಮಂಡಳಿಗಳ ಪುಸ್ತಕಗಳ ದೊಡ್ಡ ಸಂಗ್ರಹವನ್ನು 2021ರಿಂದ ಅಂತರಜಾಲದಲ್ಲಿ ನೋಡಲು ಅವಕಾಶ ಮಾಡಿಕೊಡಲಾಗಿದೆ.

ಆದರೆ ಬಾಡಿಗೆ ಕೊಡಲಾಗದ ಕಡುಬಡವರ ಹೆಸರು ಆ ಲೆಕ್ಕದಲ್ಲಿ ಬಾರದೆ ಹೋಗಬಹುದು. ಇನ್ನು ಕೆಲವು ಊರುಗಳಲ್ಲಿ ನೇಕಾರರು, ಕಮ್ಮಾರರು ಮೊದಲಾದ ಕಸುಬುದಾರರ ಸಂಘಗಳು ತಮ್ಮದೇ ಬಟ್ಟೆ ಇಟ್ಟುಕೊಂಡಿದ್ದವು. ಅಂಥವರ ಲೆಕ್ಕ ಸಂಘದ ಪುಸ್ತಕದಲ್ಲಿರುತ್ತದೆ, ಸಭೆಯ ಪುಸ್ತಕದಲ್ಲಿ ಇರುವುದಿಲ್ಲ. ನಿಮ್ಮ ಹಿರಿಯರ ಕಸುಬು ಯಾವುದು ಎಂದು ಮೊದಲು ತಿಳಿದುಕೊಳ್ಳಬೇಕೆಂದು ಹೇಳುವುದು ಈ ಕಾರಣಕ್ಕೆ.

1783ರಲ್ಲಿ ಸರ್ಕಾರ ಇನ್ನೊಂದು ತೊಡಕು ತಂದಿತು. ಜನನ, ಮದುವೆ, ಸಮಾಧಿ, ಯಾವುದನ್ನು ಪುಸ್ತಕದಲ್ಲಿ ಬರೆಸಿದರೂ ತಲಾ 3 ಪೆನ್ನಿ ತೆರಿಗೆ. ನಿರ್ಗತಿಕರಿಗೆ ವಿನಾಯಿತಿಯಿತ್ತು. ಆದರೆ ನಿರ್ಗತಿಕರೂ ಅಲ್ಲದ, ಉಳ್ಳವರೂ ಅಲ್ಲದ ಮನೆಗಳು ಬರೆಸದೆ ಸುಮ್ಮನಾದವು. 1794ರಲ್ಲಿ ಆ ತೆರಿಗೆ ಹೋಯಿತು. ಈ ಹನ್ನೊಂದು ವರ್ಷಗಳಲ್ಲಿ ಒಂದು ಹೆಸರು ಕಾಣದಿದ್ದರೆ ಅಚ್ಚರಿಪಡಬೇಕಿಲ್ಲ. 1843ರಲ್ಲಿ ಸ್ಕಾಟ್ಲೆಂಡಿನ ಸಭೆ ಒಡೆದು, ಸುಮಾರು ಮೂರನೆಯ ಒಂದು ಭಾಗ ಬೋಧಕರು ಹೊರಬಂದು ಸ್ವತಂತ್ರ ಸಭೆ ಕಟ್ಟಿದರು. ಅವರ ಹಿಂದೆ ಹೋದ ಕುಟುಂಬಗಳ ಹೆಸರು ಹಳೆಯ ಪ್ಯಾರಿಷ್ ಪುಸ್ತಕದಿಂದ ಮಾಯವಾಗಬಹುದು.

ಕಥೋಲಿಕರ ಪಾಡು

ಕಥೋಲಿಕರ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವರಿಗೆ ಮೃತರ ದಿನಾಂಕ ಬೇಕಿತ್ತು. ವರ್ಷದ ಪೂಜೆ, ನವೆಂಬರ್ ತಿಂಗಳ ಪ್ರಾರ್ಥನೆ ಎಲ್ಲಕ್ಕೂ ಅದು ಆಧಾರ. 1614ರ ರೋಮನ್ ಪೂಜಾವಿಧಿ ಗ್ರಂಥ ಮೃತರ ಪುಸ್ತಕವನ್ನು ಇಡಬೇಕೆಂದು ಗುರುಗಳಿಗೆ ವಿಧಿಸಿತ್ತು. ಬರೆಯುವ ಮನಸ್ಸಿತ್ತು, ಬರೆದಿಡಲು ಸುರಕ್ಷಿತ ಸ್ಥಳ ಇರಲಿಲ್ಲ. ಗುರುಗಳು ವೇಷ ಮರೆಸಿಕೊಂಡು ತಿರುಗುತ್ತಿದ್ದ ದಿನಗಳಲ್ಲಿ ಭಕ್ತರ ಹೆಸರುಗಳ ಪಟ್ಟಿ ಎಂದರೆ ಬೇಟೆಗಾರನ ಕೈಗೆ ಕೊಟ್ಟ ದಾರಿಯ ನಕ್ಷೆ. ಹಾಗಾಗಿ 18ನೆಯ ಶತಮಾನದ ನಡುವಿನವರೆಗೆ ಬಹುತೇಕ ಕಡೆ ಕಥೋಲಿಕ ಪುಸ್ತಕಗಳೇ ಇಲ್ಲ. 1793ರಲ್ಲಿ ಸ್ಕಾಟ್ಲೆಂಡಿನ ಕಥೋಲಿಕರ ಮೇಲಿದ್ದ ಕಠಿಣ ಕಾನೂನುಗಳು ಸಡಿಲಗೊಂಡವು, 1829ರಲ್ಲಿ ಇನ್ನಷ್ಟು ಹಕ್ಕುಗಳು ಬಂದವು, 1878ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅಲ್ಲಿ ಧರ್ಮಾಧ್ಯಕ್ಷರ ಶ್ರೇಣಿಯನ್ನು ಮರಳಿ ಸ್ಥಾಪಿಸಿದರು. ಈ ಮೆಟ್ಟಿಲುಗಳನ್ನು ಅನುಸರಿಸಿಯೇ ದಾಖಲೆಗಳೂ ಹೆಚ್ಚುತ್ತವೆ. ಆದರೂ ಜ್ಞಾನಸ್ನಾನದ ಪುಸ್ತಕಗಳಿಗೆ ಹೋಲಿಸಿದರೆ ಸಾವಿನ ಪುಸ್ತಕಗಳು ಕಡಿಮೆಯೇ.

ಹಾಗಾದರೆ ಸತ್ತ ಕಥೋಲಿಕರನ್ನು ಎಲ್ಲಿ ಹೂಳಿದರು? ಹಳ್ಳಿಗಳಲ್ಲಿ ಪ್ಯಾರಿಷ್‌ನ ಸಮಾಧಿಭೂಮಿ ಊರಿಗೆಲ್ಲ ಒಂದೇ. ಕಥೋಲಿಕರೂ ಅಲ್ಲಿಯೇ, ತಮ್ಮ ಅಜ್ಜಂದಿರ ಪಕ್ಕದಲ್ಲಿ ಮಣ್ಣಾಗುತ್ತಿದ್ದರು. ಆದ್ದರಿಂದ ಕಥೋಲಿಕ ಹಿರಿಯರನ್ನು ಹುಡುಕುವವರು ಪ್ರೊಟೆಸ್ಟಂಟ್ ಸಭೆಯ ಪುಸ್ತಕವನ್ನೂ ತೆರೆಯಬೇಕು. ಮುಂದೆ ಐರ್ಲೆಂಡಿನಿಂದ ಸಾವಿರಾರು ಕಥೋಲಿಕರು ಕೂಲಿ ಅರಸಿ ಗ್ಲಾಸ್ಗೋ ನಗರಕ್ಕೆ ಬಂದರು. 19ನೆಯ ಶತಮಾನದ ನಡುವಿನಿಂದ ಅವರಿಗಾಗಿ ಡಾಲ್ಬೆತ್‌ನಂತಹ ಪ್ರತ್ಯೇಕ ಸಮಾಧಿಭೂಮಿಗಳು ಆದವು. ಅದರ ಪುಸ್ತಕಗಳೂ ಎಡಿನ್‌ಬರೋದ ಮೌಂಟ್ ವೆರ್ನನ್ ಸಮಾಧಿಭೂಮಿಯ ಪುಸ್ತಕಗಳೂ ಇಂದು ಸಾರ್ವಜನಿಕರಿಗೆ ಲಭ್ಯ.

1855: ಒಂದು ಗೆರೆ

ಸ್ಕಾಟ್ಲೆಂಡಿನ ಹುಡುಕಾಟದಲ್ಲಿ ಒಂದು ಇಸವಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು: 1855. ಆ ವರ್ಷದ ಜನವರಿ 1ರಿಂದ ಜನನ, ಮರಣ, ವಿವಾಹಗಳನ್ನು ಸರ್ಕಾರದ ನೋಂದಣಿ ಅಧಿಕಾರಿಯ ಬಳಿ ಬರೆಸುವುದು ಕಡ್ಡಾಯವಾಯಿತು. ಮತ ಯಾವುದು, ಬಡವನೋ ಬಲ್ಲಿದನೋ ಎಂಬ ಭೇದ ಅಲ್ಲಿಂದ ಮುಂದೆ ಇಲ್ಲ.

1855ರ ಮರಣ ದಾಖಲೆ ಒಂದು ಚಿಕ್ಕ ಕುಟುಂಬ ಚರಿತ್ರೆಯೇ ಸರಿ. ಸತ್ತವರ ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು, ತಂದೆತಾಯಿ, ಸಂಗಾತಿ, ಮಕ್ಕಳ ಹೆಸರು ಮತ್ತು ವಯಸ್ಸು, ಸಾವಿನ ಕಾರಣ, ಸಮಾಧಿಯಾದ ಸ್ಥಳ, ಎಲ್ಲವೂ ಅದರಲ್ಲಿದೆ. ಇಷ್ಟು ಬರೆಯುವುದು ಅಧಿಕಾರಿಗಳಿಗೆ ಹೊರೆಯಾಯಿತು. 1856ರಿಂದ ಹುಟ್ಟಿದ ಊರು, ಸಂಗಾತಿ ಮತ್ತು ಮಕ್ಕಳ ವಿವರ ಬಿಟ್ಟುಹೋದವು. ಸಮಾಧಿಯ ಸ್ಥಳ 1860ರವರೆಗೆ ಉಳಿಯಿತು. 1861ರಿಂದ ಸಂಗಾತಿಯ ಹೆಸರು ಮರಳಿ ಬಂತು, ಸಮಾಧಿಯ ಸ್ಥಳ ಹೋಯಿತು. ಅಂದರೆ 1855ರಿಂದ 1860ರೊಳಗೆ ಸತ್ತವರ ಸಮಾಧಿಯನ್ನು ಆ ಒಂದೇ ಕಾಗದ ತಿಳಿಸುತ್ತದೆ. ಅನಂತರದವರಿಗೆ ಸಾವಿನ ದಾಖಲೆ ಬೇರೆ, ಸಮಾಧಿಯ ದಾಖಲೆ ಬೇರೆ. ಎರಡನ್ನೂ ಬೇರೆ ಬೇರೆ ಬಾಗಿಲಲ್ಲಿ ಕೇಳಬೇಕು.

ಇವೆಲ್ಲ ಇಂದು ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಸ್ಥೆಯ ವಶದಲ್ಲಿವೆ. 2011ರಲ್ಲಿ ಎರಡು ಹಳೆಯ ಕಚೇರಿಗಳು ಕೂಡಿ ಈ ಸಂಸ್ಥೆ ಆಯಿತು. ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಅದರ ಅಂತರಜಾಲ ತಾಣದಲ್ಲಿ ಹೆಸರು ನೋಂದಾಯಿಸಿ, ಸೂಚಿಯನ್ನು ಹುಡುಕಿ, ಬೇಕಾದ ಪುಟದ ಚಿತ್ರವನ್ನು ಹಣ ಕೊಟ್ಟು ನೋಡಬಹುದು. ಖಾಸಗಿತನದ ದೃಷ್ಟಿಯಿಂದ, ಸಾವು ಸಂಭವಿಸಿ 50 ವರ್ಷ ಕಳೆಯದ ಪುಟಗಳ ಚಿತ್ರವನ್ನು ಮನೆಯಿಂದ ನೋಡಲಾಗದು. ಅವುಗಳ ಪ್ರತಿಯನ್ನು ತರಿಸಿಕೊಳ್ಳಬೇಕು.

ಒಂದು ಉದಾಹರಣೆ

ಕ್ರಮ ತಿಳಿಯಲು ಹೀಗೆ ಊಹಿಸಿಕೊಳ್ಳೋಣ. ಗ್ಲಾಸ್ಗೋದ ಕಾಲ್ಟನ್ ಬಡಾವಣೆಯಲ್ಲಿ ಒಬ್ಬ ನೇಕಾರ. ಐರ್ಲೆಂಡಿನಿಂದ ಬಂದ ಕಥೋಲಿಕ. ಹೆಂಡತಿ, ಮೂವರು ಮಕ್ಕಳು. ಅವನ ಸಾವಿನ ಸುದ್ದಿ ಮನೆಯವರಲ್ಲಿ ಉಳಿದಿಲ್ಲ.

ಮೊದಲ ಹೆಜ್ಜೆ, ಬೇಲಿ ಹಾಕುವುದು. ಸ್ಕಾಟ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. 1841ರಿಂದ 1921ರವರೆಗಿನ ಪುಟಗಳು ಇಂದು ತೆರೆದಿವೆ. 1851ರ ಮಾರ್ಚ್ 30ರ ಗಣತಿಯಲ್ಲಿ ನಮ್ಮ ನೇಕಾರ ಮನೆಯಲ್ಲಿದ್ದಾನೆ. 1861ರ ಏಪ್ರಿಲ್ 7ರ ಗಣತಿಯಲ್ಲಿ ಹೆಂಡತಿಯ ಹೆಸರಿನ ಮುಂದೆ ವಿಧವೆ ಎಂದಿದೆ. ಸಾವು ಈ ಹತ್ತು ವರ್ಷಗಳ ನಡುವೆ ಆಗಿರಬೇಕು. ಮಕ್ಕಳ ಮದುವೆಯ ದಾಖಲೆ ಸಿಕ್ಕರೆ ಬೇಲಿ ಇನ್ನೂ ಕಿರಿದಾಗುತ್ತದೆ. 1855ರ ಅನಂತರದ ವಿವಾಹ ದಾಖಲೆಯಲ್ಲಿ ವಧೂವರರ ತಂದೆತಾಯಿಯರ ಹೆಸರಿನ ಜೊತೆ ಅವರು ತೀರಿಕೊಂಡಿದ್ದರೆ ಅದನ್ನೂ ನಮೂದಿಸಿರುತ್ತಾರೆ. ಒಂದು ಎಚ್ಚರಿಕೆ: ಗಂಡ ಬಿಟ್ಟುಹೋದ ಹೆಂಗಸು ಮಾನ ಉಳಿಸಿಕೊಳ್ಳಲು ತಾನು ವಿಧವೆ ಎಂದು ಬರೆಸಿರುವುದುಂಟು.

ಎರಡನೆಯ ಹೆಜ್ಜೆ, ಬೇಲಿಯೊಳಗಿನ ಕಾಲವನ್ನು ಭಾಗ ಮಾಡುವುದು. ಸಾವು 1855ಕ್ಕೆ ಮುಂಚೆ ಆಗಿದ್ದರೆ ಪ್ಯಾರಿಷ್ ಪುಸ್ತಕ, ಬಟ್ಟೆಯ ಲೆಕ್ಕ, ಕಥೋಲಿಕ ಪುಸ್ತಕ ನೋಡಬೇಕು. 1855ರಿಂದ 1860ರ ಒಳಗಾದರೆ ಸರ್ಕಾರಿ ದಾಖಲೆಯೇ ಸಮಾಧಿಯನ್ನು ಹೇಳುತ್ತದೆ. ಅವನು ಡಾಲ್ಬೆತ್‌ನಲ್ಲಿ ಇರಬಹುದು. ಕಾಲ್ಟನ್ ನೇಕಾರರ ಸಂಘ 18ನೆಯ ಶತಮಾನದ ಕೊನೆಯಲ್ಲಿ ಮಾಡಿಕೊಂಡಿದ್ದ ಅಬರ್‌ಕ್ರಾಂಬಿ ಬೀದಿಯ ಸಮಾಧಿಭೂಮಿಯಲ್ಲೂ ಇರಬಹುದು.

ಮೂರನೆಯ ಹೆಜ್ಜೆ, ಹೆಸರಿನ ರೂಪಗಳು. ಬರೆಸಲು ಹೋದವನಿಗೆ ಓದು ಬಾರದು. ಅಧಿಕಾರಿ ಕಿವಿಗೆ ಬಿದ್ದಂತೆ ಬರೆದ. ಮ್ಯಾಕ್ ಎಂಬುದು ಒಮ್ಮೆ ಸೇರುತ್ತದೆ, ಒಮ್ಮೆ ಬಿಡುತ್ತದೆ. ಐರಿಷ್ ಹೆಸರಿನ ಮುಂದಿನ ಓ ಉದುರುತ್ತದೆ. ವಯಸ್ಸು ಐದು ವರ್ಷ ಅತ್ತಿತ್ತ ಆಗುವುದು ಸಾಮಾನ್ಯ.

ನಾಲ್ಕನೆಯ ಹೆಜ್ಜೆ, ಅಂಚಿನ ಟಿಪ್ಪಣಿ. ಗಣಿ ಕುಸಿತ, ನೀರಿನಲ್ಲಿ ಮುಳುಗಡೆ, ಹಠಾತ್ ಸಾವು ಆದಾಗ ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಸರ್ಕಾರಿ ವಕೀಲ ವಿಚಾರಣೆ ಮಾಡುತ್ತಿದ್ದ. ಅವನ ನಿರ್ಣಯವನ್ನು ತಿದ್ದುಪಡಿಗಳ ಪುಸ್ತಕದಲ್ಲಿ ಬರೆದು, ಮೂಲ ಪುಟದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಆ ಗುರುತನ್ನು ಗಮನಿಸದವರು ಅರ್ಧ ಕಥೆ ಕಳೆದುಕೊಳ್ಳುತ್ತಾರೆ. ಕೆಲಸದ ವೇಳೆ ಆದ ಮರಣಗಳಿಗೆ 1895ರ ಕಾನೂನಿನ ಪ್ರಕಾರ ನ್ಯಾಯಾಲಯದ ವಿಚಾರಣೆಯೂ ಇರುತ್ತಿತ್ತು.

ಐದನೆಯ ಹೆಜ್ಜೆ, ಉಳಿದವರ ಹೊಟ್ಟೆಪಾಡು. 1845ರ ಬಡವರ ಕಾನೂನಿನ ಮೇರೆಗೆ ವಿಧವೆಯರು ಪ್ಯಾರಿಷ್ ಮಂಡಳಿಗೆ ಸಹಾಯಕ್ಕಾಗಿ ಅರ್ಜಿ ಹಾಕುತ್ತಿದ್ದರು. ಗ್ಲಾಸ್ಗೋದ ಇಂಥ ಅರ್ಜಿಗಳ ಬೃಹತ್ ಸಂಗ್ರಹ ಅಲ್ಲಿನ ಮಿಚೆಲ್ ಗ್ರಂಥಾಲಯದಲ್ಲಿದೆ. ಅರ್ಜಿದಾರಳ ಹುಟ್ಟೂರು, ಮತ, ಮಕ್ಕಳು, ಗಂಡ ಯಾವಾಗ ತೀರಿಕೊಂಡ ಎಂಬುದನ್ನೆಲ್ಲ ಅಧಿಕಾರಿ ಕೇಳಿ ಬರೆಯುತ್ತಿದ್ದ. ಗಂಡನ ಸಾವಿನ ಪುಟ ಸಿಗದಿದ್ದಾಗ ಹೆಂಡತಿಯ ಹಸಿವಿನ ಪುಟ ಸಾಕ್ಷಿ ಹೇಳುತ್ತದೆ. ಆಸ್ತಿ ಇದ್ದವರಾದರೆ ಉಯಿಲಿನ ದಾಖಲೆಗಳನ್ನು ನೋಡಬೇಕು. ಅವುಗಳಲ್ಲಿ ಮರಣದ ದಿನಾಂಕ ಸಿಗುವ ಸಂಭವವುಂಟು.

ಕೊನೆಯ ಹೆಜ್ಜೆ ಸಮಾಧಿ. ಸ್ಕಾಟ್ಲೆಂಡಿನಲ್ಲಿ ಸಮಾಧಿಯ ಜಾಗಕ್ಕೆ ಲೇರ್ ಎನ್ನುತ್ತಾರೆ. ಯಾವ ಲೇರ್ ಯಾರ ಹೆಸರಿನಲ್ಲಿದೆ, ಅದರಲ್ಲಿ ಯಾರು ಯಾರು ಇದ್ದಾರೆ ಎಂಬ ಪುಸ್ತಕ ಈಗ ಬಹುಮಟ್ಟಿಗೆ ಸ್ಥಳೀಯ ಪುರಸಭೆಗಳ ಬಳಿ ಇದೆ. ಕಲ್ಲು ಇಲ್ಲವೆಂದ ಮಾತ್ರಕ್ಕೆ ಸಮಾಧಿ ಇಲ್ಲ ಎನ್ನಬಾರದು. ಬಡವರನ್ನು ಸಾಮೂಹಿಕ ಗುಂಡಿಯಲ್ಲಿ ಕಲ್ಲಿಲ್ಲದೆ ಹೂಳುತ್ತಿದ್ದರು. 1895ರಲ್ಲಿ ಗ್ಲಾಸ್ಗೋದಲ್ಲಿ ಶವದಹನ ಆರಂಭವಾದ ಮೇಲೆ ಚಿತಾಗಾರದ ಪುಸ್ತಕವನ್ನೂ ಕೇಳಬೇಕು. ಹಳೆಯ ಕಲ್ಲುಗಳ ಬರಹಗಳನ್ನು ನಕಲು ಮಾಡಿ ಪ್ರಕಟಿಸಿದ ಪುಸ್ತಕಗಳು 1953ರಲ್ಲಿ ಸ್ಥಾಪನೆಯಾದ ಸ್ಕಾಟಿಷ್ ವಂಶಾವಳಿ ಸಂಘದಲ್ಲಿ ಸಿಗುತ್ತವೆ.

ಹೆಣ್ಣುಮಕ್ಕಳಿಗೆ ಒಂದು ಅನುಕೂಲ

ಹೆಣ್ಣಿನ ಹೆಸರು ಮದುವೆಯೊಡನೆ ಅಳಿಸಿಹೋಗುವುದು ಅನೇಕ ದೇಶಗಳ ದಾಖಲೆಗಳಲ್ಲಿ ಕಾಣುವ ಸಂಗತಿ. ಸ್ಕಾಟ್ಲೆಂಡಿನಲ್ಲಿ ಹಾಗಿಲ್ಲ. ಕಾನೂನಿನ ದೃಷ್ಟಿಯಲ್ಲಿ ಹೆಂಗಸು ತವರಿನ ಹೆಸರನ್ನು ಸಾಯುವವರೆಗೂ ಉಳಿಸಿಕೊಳ್ಳುತ್ತಾಳೆ. ಮರಣದ ಸೂಚಿಯಲ್ಲಿ ಅವಳನ್ನು ತವರಿನ ಹೆಸರಿನಲ್ಲೂ ಗಂಡನ ಹೆಸರಿನಲ್ಲೂ ಹುಡುಕಬಹುದು. ಸಮಾಧಿಯ ಕಲ್ಲಿನ ಮೇಲೂ ಎಷ್ಟೋ ಸಲ ತವರಿನ ಹೆಸರೇ ಇರುತ್ತದೆ. ಗಂಡನ ಮನೆತನದ ಹೆಸರು ಕಾಣದೆ ಸಮಾಧಿಯ ಮುಂದೆಯೇ ಹಾದುಹೋದವರುಂಟು. ಅಜ್ಜಿಯನ್ನು ಹುಡುಕುವವರು ಎರಡೂ ಹೆಸರನ್ನು ಕೈಯಲ್ಲಿ ಹಿಡಿದು ಹೊರಡಬೇಕು.

ಹೊರನಾಡಿನಲ್ಲಿ ಮಣ್ಣಾಗಿದ್ದರೆ

ಪೂಜ್ಯರೆಂದು ಧರ್ಮಸಭೆ 1978ರಲ್ಲಿ ಘೋಷಿಸಿದ ಮಾರ್ಗರೆಟ್ ಸಿಂಕ್ಲೇರ್ ಎಡಿನ್‌ಬರೋದ ಬಡ ಕುಟುಂಬದಲ್ಲಿ 1900ರಲ್ಲಿ ಹುಟ್ಟಿದರು. ಕಾರ್ಖಾನೆಯಲ್ಲಿ ದುಡಿದು, ಮುಂದೆ ಲಂಡನ್ನಿನ ಕ್ಲಾರಾ ಕನ್ಯಾಮಠ ಸೇರಿ, ಕ್ಷಯರೋಗದಿಂದ 1925ರ ನವೆಂಬರ್ 24ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡರು. ಮೊದಲು ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿ ಹೂಳಿದರು. 1927ರಲ್ಲಿ ಮೌಂಟ್ ವೆರ್ನನ್ನಿಗೆ ತಂದರು. 2003ರಲ್ಲಿ ಎಡಿನ್‌ಬರೋದ ಸಂತ ಪ್ಯಾಟ್ರಿಕ್ಕರ ದೇವಾಲಯಕ್ಕೆ ತಂದರು. ಸಾವಿನ ದಾಖಲೆ ಒಂದು ದೇಶದಲ್ಲಿ, ಸಮಾಧಿ ಇನ್ನೊಂದು ದೇಶದಲ್ಲಿ. ಪ್ರಸಿದ್ಧರಾದ್ದರಿಂದ ಈ ಪಯಣ ನಮಗೆ ತಿಳಿದಿದೆ. ಹೆಸರಿಲ್ಲದ ಮನೆಗೆಲಸದ ಹುಡುಗಿಯೊಬ್ಬಳು ಇದೇ ರೀತಿ ಇಂಗ್ಲೆಂಡಿಗೆ ಹೋಗಿ ಸತ್ತಿದ್ದರೆ, ಸ್ಕಾಟ್ಲೆಂಡಿನ ಸೂಚಿಯಲ್ಲಿ ನೂರು ಸಲ ಹುಡುಕಿದರೂ ಸಿಗಲಾರಳು.

ನಮ್ಮ ಶ್ರೀರಂಗಪಟ್ಟಣದಲ್ಲೇ ಇಂಥ ಒಂದು ಸಾಕ್ಷಿಯಿದೆ. ಇನ್ವರ್ನೆಸ್ ಸೀಮೆಯ ಕರ್ನಲ್ ವಿಲಿಯಂ ಬೇಲಿ 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು, 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅವನ ಸೋದರ ಸಂಬಂಧಿಯೊಬ್ಬ 1816ರಲ್ಲಿ, ಅಂದರೆ ಮೂವತ್ತನಾಲ್ಕು ವರ್ಷಗಳ ಮೇಲೆ, ಅಲ್ಲಿ ಸ್ಮಾರಕ ಕಟ್ಟಿಸಿದ. ಅವನ ಜೊತೆ ಸೆರೆಯಲ್ಲಿ ನರಳಿದ ಸಾಮಾನ್ಯ ಸಿಪಾಯಿಗಳಿಗೆ ಕಲ್ಲು ನಿಲ್ಲಿಸುವ ಸಂಬಂಧಿಗಳಿರಲಿಲ್ಲ. ಭಾರತದಲ್ಲಿ ಸತ್ತ ಸ್ಕಾಟ್ ಜನರಿಗಾಗಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಇಂಡಿಯಾ ಆಫೀಸಿನ ಕಡತಗಳಲ್ಲಿ ಮದ್ರಾಸ್, ಬಂಗಾಳ, ಬೊಂಬಾಯಿ ಪ್ರಾಂತಗಳ ಸಮಾಧಿ ಪಟ್ಟಿಗಳನ್ನು ನೋಡಬೇಕು. ಬೆಂಗಳೂರಿನಲ್ಲಿ ಸತ್ತವರನ್ನು ಮದ್ರಾಸಿನ ಪಟ್ಟಿಯಲ್ಲಿ ಹುಡುಕಬೇಕು. ಹಡಗಿನಲ್ಲಿ ಸತ್ತವರಿಗೆ ಸ್ಕಾಟ್ಲೆಂಡಿನಲ್ಲಿ 1855ರಿಂದ ಪ್ರತ್ಯೇಕ ಪಟ್ಟಿ ಇದೆ.

ಕಲ್ಲೂ ತಪ್ಪು ಹೇಳಬಹುದು

ಎಡಿನ್‌ಬರೋದ ಕವಿ ರಾಬರ್ಟ್ ಫರ್ಗುಸನ್ 1774ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಬುದ್ಧಿಭ್ರಮಣೆಯಾದವರನ್ನು ಇರಿಸುತ್ತಿದ್ದ ಮನೆಯಲ್ಲಿ ತೀರಿಕೊಂಡ. ಕ್ಯಾನನ್‌ಗೇಟ್ ಸಮಾಧಿಭೂಮಿಯಲ್ಲಿ ಅವನಿಗೆ ಕಲ್ಲೂ ಇರಲಿಲ್ಲ. 1787ರಲ್ಲಿ ಅಲ್ಲಿಗೆ ಬಂದ ಕವಿ ರಾಬರ್ಟ್ ಬರ್ನ್ಸ್ ಇದನ್ನು ಕಂಡು ಮರುಗಿ, ಅಧಿಕಾರಿಗಳ ಅಪ್ಪಣೆ ಪಡೆದು ತನ್ನ ಖರ್ಚಿನಲ್ಲಿ ಕಲ್ಲು ಹಾಕಿಸಿದ. ಎಂಥ ಒಳ್ಳೆಯ ಕೆಲಸ! ಆದರೆ ಕಲ್ಲಿನ ಮೇಲೆ ಹುಟ್ಟಿದ ವರ್ಷ 1751 ಎಂದು ಕೆತ್ತಿದೆ. ಫರ್ಗುಸನ್ ಹುಟ್ಟಿದ್ದು 1750ರಲ್ಲಿ. ಪ್ರೀತಿಯಿಂದ ಕೆತ್ತಿದ ಕಲ್ಲೂ ತಪ್ಪಬಹುದು. ಸಾವನ್ನು ಬರೆಸಿದ ಅಳಿಯನಿಗೆ ಅತ್ತೆಯ ತಂದೆತಾಯಿ ಯಾರೆಂದು ಗೊತ್ತಿರದೆ ಹೋಗಬಹುದು.

ಹಾಗಾದರೆ ನಂಬುವುದು ಯಾವುದನ್ನು? ತರ್ಕಶಾಸ್ತ್ರದಲ್ಲಿ ಮೂರು ಮೆಟ್ಟಿಲು ಹೇಳುತ್ತಾರೆ: ಸಾಧ್ಯ, ಸಂಭವನೀಯ, ನಿಶ್ಚಿತ. ಹೆಸರು ಮತ್ತು ವಯಸ್ಸು ಹೊಂದಿದರೆ ಅದು ಸಾಧ್ಯ. ಕಸುಬು, ಮನೆಯ ವಿಳಾಸವೂ ಹೊಂದಿದರೆ ಸಂಭವನೀಯ. ಸಂಗಾತಿ, ತಂದೆತಾಯಿ, ಬರೆಸಿದವರ ಹೆಸರೂ ಕೂಡಿಬಂದರೆ ನಿಶ್ಚಿತ ಎನ್ನಬಹುದು. ಸ್ಕಾಟ್ಲೆಂಡಿನಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿಯಿತ್ತು. ಅಣ್ಣತಮ್ಮಂದಿರೆಲ್ಲ ತಮ್ಮ ಮೊದಲ ಮಗನಿಗೆ ಒಂದೇ ಅಜ್ಜನ ಹೆಸರಿಟ್ಟರೆ, ಒಂದೇ ಊರಿನಲ್ಲಿ ಒಂದೇ ವಯಸ್ಸಿನ, ಒಂದೇ ಹೆಸರಿನ ನಾಲ್ವರು ಇರುತ್ತಾರೆ. ಸಿಕ್ಕಿದ ಮೊದಲ ಹೆಸರನ್ನು ನಮ್ಮವರೆಂದು ಬರೆದುಕೊಳ್ಳುವ ಆಸೆ ದೊಡ್ಡದು. ಅದಕ್ಕೆ ಒಲಿದರೆ ನಾವು ಎರಡು ಅನ್ಯಾಯ ಮಾಡುತ್ತೇವೆ: ನಮ್ಮ ಹಿರಿಯರನ್ನು ನಿಜವಾದ ಜಾಗದಲ್ಲಿ ಬಿಟ್ಟುಬಿಡುತ್ತೇವೆ, ಇನ್ನೊಂದು ಮನೆಯ ಮೃತರನ್ನು ಕದಿಯುತ್ತೇವೆ. ಸುಳ್ಳು ಸಾಕ್ಷಿಯನ್ನು ನಿಷೇಧಿಸುವ ಕಟ್ಟಳೆ ಸತ್ತವರ ವಿಷಯದಲ್ಲೂ ಅನ್ವಯಿಸುತ್ತದೆ. ಸಂಭವನೀಯ ಎಂದಷ್ಟೇ ತಿಳಿದದ್ದನ್ನು ಸಂಭವನೀಯ ಎಂದೇ ಬರೆದಿಡಿ. ಮುಂದಿನ ತಲೆಮಾರಿನವರು ಅದನ್ನು ಪೂರ್ತಿಮಾಡಬಹುದು.

ಸಿಗದೆ ಹೋದರೆ?

ಇಷ್ಟೆಲ್ಲ ಮಾಡಿದರೂ ಕೆಲವರು ಸಿಗುವುದಿಲ್ಲ. ಆಗ ಅವರು ಮೂಲೆಗುಂಪಾದವರು, ಮನೆಯವರಿಗೆ ಬೇಡವಾದವರು ಎಂದು ತೀರ್ಮಾನಿಸುವುದು ತಪ್ಪು. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಭೇದವುಂಟು. ಪುಸ್ತಕದ ಮೌನಕ್ಕೆ ಕಾರಣ ಆ ಕಾಲದ ಧರ್ಮನಿಯಮವೋ, 3 ಪೆನ್ನಿಯ ತೆರಿಗೆಯೋ, ಬಾಡಿಗೆಗೆ ಇಲ್ಲದ ಕಾಸೋ ಆಗಿರಬಹುದು ಎಂದು ಮೇಲೆ ನೋಡಿದೆವು. ಅಳುತ್ತಾ ಹೂಳಿದ ಮಕ್ಕಳು ಬರೆಸಲಾರದೆ ಹೋಗಿರಬಹುದು. ಬರೆಯದ ಕಣ್ಣೀರನ್ನು ಇಲ್ಲದ ಕಣ್ಣೀರೆಂದು ಎಣಿಸಬಾರದು.

ಯೇಸುಸಭೆಯ ಗುರು ಸಂತ ಜಾನ್ ಒಗಿಲ್ವಿಯವರನ್ನು ಗ್ಲಾಸ್ಗೋದಲ್ಲಿ 1615ರ ಮಾರ್ಚ್ 10ರಂದು ನೇಣಿಗೆ ಹಾಕಿದರು. ಅಪರಾಧಿಗಳನ್ನು ಹೂಳುವ ಜಾಗದಲ್ಲಿ ಅವರನ್ನೂ ಹೂಳಿದರು. ಆ ಜಾಗ ಎಲ್ಲಿ ಎಂಬುದು ಇಂದಿಗೂ ತಿಳಿಯದು. 1976ರಲ್ಲಿ ಆರನೆಯ ಪಾಲ್ ಜಗದ್ಗುರುಗಳು ಅವರನ್ನು ಸಂತ ಪದವಿಗೆ ಏರಿಸಿದಾಗ ಸಮಾಧಿ ಇಲ್ಲವೆಂಬುದು ಅಡ್ಡಿಯಾಗಲಿಲ್ಲ. ಸತ್ತ ದಿನವನ್ನೇ ಹಿಡಿದು ಧರ್ಮಸಭೆ ವರ್ಷವರ್ಷವೂ ಅವರನ್ನು ಸ್ಮರಿಸುತ್ತದೆ. ದಿನವೂ ತಿಳಿಯದವರಿಗಾಗಿ ನವೆಂಬರ್ 2 ಇದೆ. ಅಂದು ನಾವು ಸಕಲ ಮೃತರನ್ನೂ ಹೆಸರು ಕೇಳದೆ ನೆನೆಯುತ್ತೇವೆ.

ಸೆರೆನಾಡಿನಲ್ಲಿ ಬೀದಿಯಲ್ಲಿ ಬಿದ್ದ ಹೆಣಗಳನ್ನು ರಾತ್ರಿ ಹೊತ್ತು ಹೂಳುತ್ತಿದ್ದ ತೋಬಿತನನ್ನು ಶ್ರೀಗ್ರಂಥ ನಮಗೆ ಪರಿಚಯಿಸುತ್ತದೆ. ಮೃತರನ್ನು ಹೂಳುವುದು ದಯೆಯ ಕಾರ್ಯಗಳಲ್ಲಿ ಒಂದು ಎಂದು ಧರ್ಮಸಭೆ ಕಲಿಸುತ್ತದೆ. ಎಲ್ಲಿ ಹೂಳಿದರೆಂದು ಮರೆತುಹೋದವರನ್ನು ಹುಡುಕಿ, ದಿನಾಂಕದೊಡನೆ ಮನೆಯ ನೆನಪಿಗೆ ಮರಳಿ ತರುವುದೂ ಅದೇ ಸಾಲಿಗೆ ಸೇರುತ್ತದೆ.

ಮನೆಯಲ್ಲಿ ಮಾಡಬಹುದಾದ್ದು

1. ಒಂದು ನೋಟ್ ಪುಸ್ತಕದಲ್ಲಿ ನಿಮ್ಮ ಮನೆಯ ಮೃತರ ಹೆಸರು, ಸತ್ತ ದಿನ, ಸಮಾಧಿಯ ಸ್ಥಳ ಬರೆಯಿರಿ. ಹೆಂಗಸರಿಗೆ ತವರಿನ ಹೆಸರನ್ನೂ ಸೇರಿಸಿ.

2. ಪ್ರತಿ ಸಂಗತಿಯ ಮುಂದೆ ಅದು ಎಲ್ಲಿಂದ ತಿಳಿಯಿತು ಎಂದು ಬರೆಯಿರಿ: ಅಜ್ಜಿ ಹೇಳಿದ್ದು, ಕಲ್ಲಿನ ಬರಹ, ಧರ್ಮಕೇಂದ್ರದ ಪುಸ್ತಕ, ಸರ್ಕಾರಿ ದಾಖಲೆ. ಸಾಧ್ಯ, ಸಂಭವನೀಯ, ನಿಶ್ಚಿತ ಎಂದು ಗುರುತು ಹಾಕಿ.

3. ಮನೆಯಲ್ಲಿ ಸಾವು ಸಂಭವಿಸಿದಾಗ ಸರ್ಕಾರದಲ್ಲೂ ಧರ್ಮಕೇಂದ್ರದ ಮೃತರ ಪುಸ್ತಕದಲ್ಲೂ ಹೆಸರು ಸರಿಯಾಗಿ ಬರೆಸಿದ್ದಾರೆಯೇ ಎಂದು ತಿಂಗಳೊಳಗೆ ನೋಡಿಕೊಳ್ಳಿ.

4. ಮನೆಯ ಹಿರಿಯರನ್ನು ಕೇಳಿ: ನಿಮ್ಮ ಅಜ್ಜ, ಅಜ್ಜಿ ಎಲ್ಲಿ ಮಣ್ಣಾದರು? ಉತ್ತರ ಹೇಳಬಲ್ಲವರು ಇರುವಾಗಲೇ ಕೇಳಿ, ಅಂದೇ ಬರೆದಿಡಿ.